ಬಿಸಿಲಿಗೆ ಬಾಗಿದ ಬೆನ್ನು

ಎಲ್ಲದಕ್ಕೂ ಮೂಲ ಪಕ್ಕದ ಮೇಜಿನ ಫುಲ್ವಿಯೊ ಒತ್ತಾವಿಯೊಗೆ ಕೊಟ್ಟ ಬಿಟ್ಟಿ ಸಲಹೆ. "ನಿನ್ ಕಾರು ಬೆಳ್ಳಿ ಬಣ್ಣ ಕಣಯ್ಯ, ಒಳಗಿಟ್ರೆ ಅಲ್ಯೂಮಿನಿಯಂ ಪಾತ್ರೆ ಥರ ಕಾಣತ್ತೆ. ಅಂಗಳಕ್ಕೆ ತಗೊಂಡ್ಹೋಗಿ ಬಿಸಿಲಲ್ಲಿ ನಿಲ್ಸು," ಎಂದಿದ್ದ.

ತುರಿನ್ ನಗರದ ಆ ಕಾರು ವಿನ್ಯಾಸದ ಕಾರ್ಯಾಗಾರದಲ್ಲಿ ಒತ್ತಾವಿಯೊ ಹನ್ನೊಂದು ವರ್ಷ ಬರೀ ಕನ್ನಡಿ ಬಿಡಿಸಿಕೊಂಡು ಬಂದವನು. ಬಾಗಿಲ ಪಕ್ಕದಲ್ಲಿ ಕಿವಿಯ ಹಾಗೆ ಚಾಚಿರುತ್ತದಲ್ಲ, ಆ ಕನ್ನಡಿ. ಈ ಸಲ ಇಡೀ ಕಾರೇ ಅವನ ಪಾಲಿಗೆ ಬಂದಿತ್ತು. ಮರಳು, ಹಿಮ, ಬಂಡೆ, ಹೊಳೆ, ಎಲ್ಲಿ ಬಿಟ್ಟರೂ ಚಿರತೆಯಂತೆ ಓಡುವ ಕಾರು. ಮೊಣಕಾಲೆತ್ತರಕ್ಕೆ ಎತ್ತಿಕೊಂಡ ಹೊಟ್ಟೆ, ಮೂತಿಯಿಂದ ಬಾಲದವರೆಗೆ ಬಿಲ್ಲಿನಂತೆ ಬಿಗಿದ ಬೆನ್ನು. ಆ ಬೆನ್ನಿನ ಗೆರೆಗಾಗಿ ಅವನು ಒಂದು ಇಡೀ ಚಳಿಗಾಲ ನಿದ್ದೆಗೆಟ್ಟಿದ್ದ. ಮಧ್ಯಾಹ್ನ ದೊಡ್ಡ ಇಂಜಿನಿಯರ್ ಮಾಲ್ವಾಜಿಯವರು ನೋಡಿ ಹೂಂ ಎಂದರೆ ಅವನು ಕಾರಿನವನು. ಊಹೂಂ ಎಂದರೆ ಮತ್ತೆ ಕನ್ನಡಿ.

ಸದ್ಯಕ್ಕೆ ಅದು ಮೇಣ ಬೆರೆಸಿದ ಮಣ್ಣಿನ ಮೂರ್ತಿ, ಮೇಲೊಂದು ಬೆಳ್ಳಿ ಬಣ್ಣದ ಹಾಳೆ. ಇಂಜಿನ್ನಿನ ಸುಳಿವೇ ಇಲ್ಲ. ಆಲ್ಪ್ಸ್ ಹತ್ತಬೇಕಾದ ಕಾರು ಕಾರ್ಯಾಗಾರದ ಹೊಸ್ತಿಲನ್ನೇ ದಾಟದೆ ಮೊಂಡು ಕತ್ತೆಯ ಹಾಗೆ ನಿಂತುಬಿಟ್ಟಿತು. ಕಂಡಕಂಡವರೆಲ್ಲ ಹೆಗಲು ಕೊಟ್ಟರು, ಹೆಗಲಿಗಿಂತ ಹೆಚ್ಚಾಗಿ ಬುದ್ಧಿ ಕೊಟ್ಟರು. ಕಾಫಿ ಮಾರುವ ಮುದುಕಿ ದೆಲ್ಫೀನಾ ಹೊರಗೆ ಬಂದು, "ತೋಳದ ಬಾಯಿಗೆ ಬೀಳಪ್ಪ," ಎಂದು ಹರಸಿದಳು. ಒಳ್ಳೆಯದಾಗಲಿ ಎಂದು ನೇರವಾಗಿ ಹೇಳಿದರೆ ಕೆಟ್ಟದಾಗುತ್ತದೆಂದು ಅಲ್ಲಿ ಹರಸುವುದೇ ಹೀಗೆ. ಹರಸಿಕೊಂಡವನು "ಸಾಯ್ಲಿ ತೋಳ" ಎನ್ನಬೇಕು. ಒತ್ತಾವಿಯೊ ಹಿಂದಿನ ಗಾಲಿಯಡಿ ಹಲಗೆ ತೂರಿಸುತ್ತಿದ್ದ, ಮರೆತ.

ಕಾರು ಅಂಗಳಕ್ಕೆ ಬಂತು, ಮಾಲ್ವಾಜಿಯವರು ಬರಲಿಲ್ಲ. ಊಟಕ್ಕೆ ಕೂತಿದ್ದಾರೆ ಎಂದು ತಿಳಿಯಿತು. ಆಮೇಲೆ, ಚೀಸ್ ಈಗಷ್ಟೇ ಬಂತಂತೆ, ಹಣ್ಣು, ಕಾಫಿ ಇನ್ನೂ ಬಾಕಿಯಂತೆ ಎಂದು ತಿಳಿಯಿತು. ಜುಲೈ ಬಿಸಿಲು ಕಾದ ಬಾಣಲೆ. ಬೆನ್ನಿನ ಗೆರೆ ನಡುವೆ ಸಣ್ಣಗೆ ತಗ್ಗಿದಾಗ ಒತ್ತಾವಿಯೊ ತನ್ನ ಕಣ್ಣೇ ಮಂಜಾಯಿತೇನೋ ಎಂದುಕೊಂಡ. ಮತ್ತೆ ನೋಡುವಷ್ಟರಲ್ಲಿ ಸೊಂಟ ಕುಸಿದಿತ್ತು. ಒಳಕ್ಕೆ ತಳ್ಳೋಣವೆಂದು ಕೂಗಿದರೆ ಹೆಗಲು ಕೊಟ್ಟವರೆಲ್ಲ ಊಟಕ್ಕೆ ಹೋಗಿದ್ದರು. ಬೆಂಕಿ ಬಿದ್ದರೂ ಆ ಊರಿನಲ್ಲಿ ಊಟದ ನಡುವೆ ಯಾರೂ ಏಳುವುದಿಲ್ಲ. ಅವನು ದೆಲ್ಫೀನಾಳ ಛತ್ರಿ ಹಿಡಿದ, ಒದ್ದೆ ಬಟ್ಟೆ ಹೊದಿಸಿದ, ಜ್ವರದ ಮಗುವಿಗೆ ಇಟ್ಟಂತೆ ಬೆನ್ನಿನ ಮೇಲೆ ಐಸು ಇಟ್ಟ. ಐಸು ಕರಗಿದ ಜಾಗದಲ್ಲಿ ಇನ್ನೊಂದು ಗುಳಿ ಬಿತ್ತು. ಬಾಲ ಮುದಿ ಹಸುವಿನದರಂತೆ ಜೋತುಬಿತ್ತು. ಅವನು ನೆಲಕ್ಕೆ ಕೂತು ತಲೆಯ ಮೇಲೆ ಕೈ ಹೊತ್ತ.

ಅದೇ ಹೊತ್ತಿಗೆ ಮಾಲ್ವಾಜಿಯವರು ಬಂದರು. ಕಾರಿನ ಸುತ್ತ ಒಂದು ಸುತ್ತು ಬಂದು ಬೆನ್ನಿನ ಎದುರು ನಿಂತರು. ತಗ್ಗನ್ನು ಬೆರಳಿಂದ ಸವರಿದರು. ಕೊನೆಗೆ ಕೇಳಿದರು, "ಈ ಗೆರೆ ಯಾರದು?"

ಒತ್ತಾವಿಯೊ ಸಟ್ಟನೆ ಎದ್ದ. "ನಂದಲ್ಲ ಸಾರ್, ದೇವರಾಣೆ ನಂದಲ್ಲ. ಈ ಬೆನ್ನು ಪೂರ್ತಿ ಫುಲ್ವಿಯೊ ಕೆಲಸ. ನಾನು ಮುಟ್ಟೇ ಇಲ್ಲ."

ಊಟ ಮುಗಿಸಿ ಬಂದವರು ಕಂಬದ ಹಿಂದೆ ಅವಿತಿದ್ದ ಫುಲ್ವಿಯೊನನ್ನು ಎಳೆತಂದರು. ಅವನು ಬಿಳಿಚಿಕೊಂಡು, "ನಾನೇನೂ ಮಾಡ್ಲಿಲ್ಲ ಸಾರ್, ಬಿಸಿಲಲ್ಲಿ ಇಡು ಅಂದೆ ಅಷ್ಟೇ," ಎಂದ.

"ನೋಡ್ರಪ್ಪ ವಿನಯ," ಎಂದು ಮಾಲ್ವಾಜಿಯವರು ಅವನನ್ನು ತಬ್ಬಿಕೊಂಡರು. "ಮರುಭೂಮಿ ದಾಟಿ ಬಂದು ದಣಿದು ಕೂತ ಮೃಗ ಇದು. ಎಲ್ರೂ ಓಡೋ ಕಾರು ಬಿಡಿಸ್ತಾರೆ, ಓಡಿ ಬಂದ ಕಾರು ಬಿಡಿಸಿದೋನು ನೀನೊಬ್ನೇ. ಇನ್ನು ಈ ಕಾರು ನಿಂದು."

ಮಿಕ್ಕದ್ದೆಲ್ಲ ತನ್ನದೆಂದು ಒತ್ತಾವಿಯೊ ಮುಂದೆ ಬಂದು ಹೇಳಿದ. ಮಾಲ್ವಾಜಿಯವರು ಪ್ರೀತಿಯಿಂದಲೇ ಅವನ ಭುಜ ತಟ್ಟಿದರು. "ಹೌದೌದು, ಕನ್ನಡಿ ಚೆನ್ನಾಗಿದೆ. ಕನ್ನಡಿ ನೀನೇ ಮಾಡು. ಈ ಬೆನ್ನು ಅದರಲ್ಲಿ ಚೆನ್ನಾಗಿ ಕಾಣ್ಬೇಕು."

ಸಂಜೆ ಅವನು ಛತ್ರಿ ಮರಳಿಸಲು ದೆಲ್ಫೀನಾಳ ಅಂಗಡಿಗೆ ಹೋದ. ಅವಳು ಕೇಳದೆಯೇ ಒಂದು ಕಾಫಿ ಇಟ್ಟಳು. "ಬೆಳಿಗ್ಗೆ ನೀನು ಉತ್ತರ ಹೇಳ್ಲಿಲ್ಲ ಮಗಾ," ಎಂದಳು.

"ಸಾಯ್ಲಿ ತೋಳ," ಎಂದ ಒತ್ತಾವಿಯೊ.

"ಈಗ್ಯಾಕೆ ಬಿಡು," ಎಂದಳು ದೆಲ್ಫೀನಾ, ಛತ್ರಿ ಮಡಿಸುತ್ತ. "ಅದರ ಊಟ ಆಯ್ತಲ್ಲ."