ಅಮ್ಮನ ರವಿಕೆಯೂ ನನ್ನ ಆರ್ಕಿಟೆಕ್ಚರೂ

ನನಗೆ ವೃತ್ತ ಬರೆಯುವ ಚಟವಿದೆ. ಸಾಫ್ಟ್‌ವೇರ್ ಕೆಲಸದವರಿಗೆ ಇದು ಒಂದು ವಯಸ್ಸಿಗೆ ಅಂಟುವ ಕಾಯಿಲೆ. ಅಲ್ಲಿಯವರೆಗೆ ತೆಪ್ಪಗೆ ಪ್ರೋಗ್ರಾಮ್ ಬರೆದುಕೊಂಡಿದ್ದವನು ಇದ್ದಕ್ಕಿದ್ದಂತೆ ಬೋರ್ಡಿನ ಮೇಲೆ ವೃತ್ತದೊಳಗೆ ವೃತ್ತ ಬರೆದು ‘ಆರ್ಕಿಟೆಕ್ಚರ್’ ಎನ್ನತೊಡಗುತ್ತಾನೆ. ನಟ್ಟನಡುವಿನ ವೃತ್ತದಲ್ಲಿ ಗಿರಾಕಿಯ ಕಸುಬಿನ ನಿಯಮಗಳು ಮಾತ್ರ ಇರಬೇಕು. ಡೇಟಾಬೇಸು, ಪ್ರಿಂಟರು, ಮೊಬೈಲ್ ಪರದೆ ಎಲ್ಲ ಜಗಲಿಯಲ್ಲಿ ಕೂರುವ ನೆಂಟರು, ನಡುಮನೆಗೆ ಕಾಲಿಡುವಂತಿಲ್ಲ. ನಾಳೆ ಪ್ರಿಂಟರ್ ಬದಲಾದರೂ ನಡುಮನೆಗೆ ಸುದ್ದಿ ಮುಟ್ಟಬಾರದು. ಯಾದವಗಿರಿಯ ನಮ್ಮ ಪುಟ್ಟ ಕಚೇರಿಯಲ್ಲಿ ಇದನ್ನು ಎಷ್ಟು ಸಲ ಹೇಳಿದ್ದೇನೆಂದರೆ, ನಾನು ಮಾರ್ಕರ್ ಪೆನ್ನು ಎತ್ತಿಕೊಂಡರೆ ಸಾಕು, ಸಹೋದ್ಯೋಗಿಗಳು ಕಾಫಿಗೆ ಎದ್ದುಬಿಡುತ್ತಾರೆ.

ಇಂಥ ನನ್ನ ಕೈಗೆ ನಜರ್‌ಬಾದಿನ ಗೌರಕ್ಕ ಸಿಕ್ಕಿಬಿದ್ದರು. ಆರು ಹೊಲಿಗೆ ಯಂತ್ರಗಳ ಟೈಲರ್ ಅಂಗಡಿ ಅವರದು. ನಮ್ಮ ಮನೆಯ ಹೆಂಗಸರ ರವಿಕೆಗಳೆಲ್ಲ ಅಲ್ಲಿಯೇ. ಅಳತೆ ಬರೆದ ನೋಟ್‌ಬುಕ್ಕುಗಳು ಹರಿದುಹೋಗುತ್ತಿವೆ, ಕಂಪ್ಯೂಟರಿಗೆ ಹಾಕಿಕೊಡು ಎಂದರು. “ಒಂದಿನ ಬಂದು ಅಂಗಡೀಲಿ ಕೂತ್ಕೊಳಪ್ಪ, ಕೆಲಸ ಎಂಗೆ ನಡೀತದೆ ನೋಡು” ಎಂದೂ ಕರೆದರು. ರವಿಕೆ ಹೊಲಿಯುವುದರಲ್ಲಿ ನೋಡುವುದೇನಿದೆ? ಹತ್ತು ನಿಮಿಷ ನಿಂತು, ಅವರು ಕೊಟ್ಟ ಕಾಫಿ ಕುಡಿದು ಬಂದೆ. ಮೂರು ತಿಂಗಳು ವೃತ್ತ ಬರೆದೆ. ನಡುಮನೆಯಲ್ಲಿ ಗಿರಾಕಿ ಒಬ್ಬಳು, ಅವಳಿಗೊಂದು ಫೋನ್ ನಂಬರು, ಆ ನಂಬರಿಗೊಂದು ಅಳತೆ. ಅದರ ಚೆಲುವಿಗೆ ನಾನೇ ಮರುಳಾಗಿ ಬೋರ್ಡಿನ ಫೋಟೊ ತೆಗೆದಿಟ್ಟುಕೊಂಡೆ.

ಪ್ರೋಗ್ರಾಮನ್ನು ಗೌರಕ್ಕನ ಅಂಗಡಿಯಲ್ಲಿ ಹಾಕಿಕೊಟ್ಟ ಹೊತ್ತಿಗೆ ತಂಗಿಯ ನಿಶ್ಚಿತಾರ್ಥ ಬಂತು. ಅಮ್ಮನ ರೇಷ್ಮೆ ರವಿಕೆ ಬಟ್ಟೆಯನ್ನು ನನ್ನ ಹೆಂಡತಿ ಸುಧಾ ಅಂಗಡಿಗೆ ಕೊಟ್ಟು, ತನ್ನ ನಂಬರ್ ಹೇಳಿ ಬಂದಳು. ಪ್ರೋಗ್ರಾಮ್ ಸುಧಾಳ ಅಳತೆಯ ಚೀಟಿ ಮುದ್ರಿಸಿತು. ಹೊಲಿಯುವವರು ಚೀಟಿ ನೋಡಿ ಹೊಲಿದರು. ಸುಧಾ ಕಡ್ಡಿಯಂತಿದ್ದಾಳೆ. ಅಮ್ಮ ಹಾಗಿಲ್ಲ, ಇಷ್ಟು ಹೇಳಿದರೆ ಸಾಕು.

ನಿಶ್ಚಿತಾರ್ಥದ ಬೆಳಿಗ್ಗೆ ರವಿಕೆ ಅಮ್ಮನ ಮೊಣಕೈವರೆಗೆ ಬಂದು ನಿಂತುಬಿಟ್ಟಿತು. “ಏನೋ ಇದು? ಬೀಗರ ಮುಂದೆ ಶಾಲು ಹೊದ್ಕೊಂಡು ಕೂತ್ಕೊಳ್ಲಾ? ನಿನ್ನ ಕಂಪ್ಯೂಟರಿಗೆ ಕಣ್ಣಿಲ್ವಾ?” ಎಂದಳು. ಕಣ್ಣಲ್ಲಿ ನೀರಿತ್ತು. ಮುಹೂರ್ತಕ್ಕೆ ಎರಡು ಗಂಟೆ ಉಳಿದಿತ್ತು. ರವಿಕೆ ಹಿಡಿದು ಸ್ಕೂಟರಿನಲ್ಲಿ ನಜರ್‌ಬಾದಿಗೆ ಓಡಿದೆ.

ಗೌರಕ್ಕ ಚೀಟಿ ನೋಡಿದರು, ನನ್ನನ್ನೂ ನೋಡಿದರು. “ಬಟ್ಟೆ ತಂದೋರೇ ಹಾಕ್ಕೊತಾರೆ ಅಂತ ಯಾರಪ್ಪ ನಿಂಗೆ ಹೇಳ್ಬುಟ್ಟಿದ್ದು? ಇಲ್ಲಿ ಅತ್ತೇದು ಸೊಸೆ ತರ್ತಾಳೆ, ಅಕ್ಕಂದು ತಂಗಿ ತರ್ತಾಳೆ. ಒಂದಿನ ಕೂತಿದ್ರೆ ಗೊತ್ತಾಗೋದು.” ಹೀಗೆ ಬೈಯುತ್ತಲೇ ಹೊಲಿಗೆ ಬಿಚ್ಚಿದರು. ಒಳಗೆ ಮಡಿಸಿಟ್ಟ ಬಟ್ಟೆ ಎರಡೂ ಬದಿಯಿಂದ ಹೊರಬಂತು. “ಮೈ ಒಂದೇ ತರ ಇರ್ತದಾ? ಅದಕ್ಕೇ ಯಾವಾಗ್ಲೂ ಒಳಗಡೆ ಬಿಟ್ಟಿರ್ತೀವಿ ಕಣಪ್ಪ.” ಅದೂ ಸಾಲದೆ ಕಂಕುಳಿಗೊಂದು ಪಟ್ಟಿ ಸೇರಿಸಿ ಹೊಲಿದರು. ಅಮ್ಮ ಮುಹೂರ್ತಕ್ಕೆ ಸರಿಯಾಗಿ ಬೀಗರ ಎದುರು ಕೂತಳು. ಉಸಿರು ಸ್ವಲ್ಪ ಹುಷಾರಾಗಿ ಬಿಡುತ್ತಿದ್ದಳು, ಹೋಳಿಗೆ ಒಂದಕ್ಕೇ ನಿಲ್ಲಿಸಿದಳು, ಅಷ್ಟೇ.

ಮರುವಾರ ಮೂರು ದಿನ ಅಂಗಡಿಯಲ್ಲಿ ಕೂತೆ. ‘ಗಿರಾಕಿ’ಯನ್ನು ತೆಗೆದು ‘ಬಟ್ಟೆ ತಂದವರು’, ‘ಹಾಕಿಕೊಳ್ಳುವವರು’ ಎಂದು ಬೇರೆ ಮಾಡಿದೆ. ವೃತ್ತಗಳ ದಯೆಯಿಂದ ಅರ್ಧ ದಿನದಲ್ಲಿ ಮುಗಿಯಿತು. ಪ್ರಿಂಟರಿಗೆ ಸುದ್ದಿಯೇ ತಿಳಿಯಲಿಲ್ಲ. ಹೆಮ್ಮೆಯಿಂದ ಗೌರಕ್ಕನಿಗೆ ಇದನ್ನೆಲ್ಲ ವಿವರಿಸಿದೆ. “ಮೊದಲೇ ಕೇಳಿದ್ರೆ ಆ ಅರ್ಧ ದಿನಾನೂ ಉಳೀತಿತ್ತಲ್ಲಪ್ಪ” ಎಂದರು.

ಈ ಮಾತು ನನ್ನ ಮನಸ್ಸಿಗೆ ಚೆನ್ನಾಗಿ ನಾಟಿತು. ‘ಇನ್ನೊಬ್ಬರ ಮಾತು ಕೇಳಿಸಿಕೊಳ್ಳುವುದು ಹೇಗೆ’ ಎಂಬ ವಿಷಯದ ಮೇಲೆ ಹೋದ ವಾರ ಕಚೇರಿಯಲ್ಲಿ ಒಂದೂವರೆ ಗಂಟೆ ಭಾಷಣ ಮಾಡಿದೆ. ನಡುವೆ ಇಬ್ಬರು ಏನೋ ಕೇಳಲು ಕೈ ಎತ್ತಿದರು. ಆಮೇಲೆ ನೋಡೋಣ ಎಂದು ಸುಮ್ಮನಾಗಿಸಿದೆ.