ಮಾವನವರು ಡಾಕ್ಟರ್ ಸುರಂಗ ಆದದ್ದು

ಟೀವಿಯವರಿಗೆ ಖಳನಾಯಕನನ್ನು ಮಾಡಲು ಬರುವುದಿಲ್ಲ ಎಂಬುದು ನನಗೆ ಖಚಿತವಾಗಿ ಗೊತ್ತಿತ್ತು. ನನಗೆ ಬರುತ್ತದೆ ಎಂಬುದು ಅದಕ್ಕಿಂತಲೂ ಖಚಿತವಾಗಿ ಗೊತ್ತಿತ್ತು!

ಇದು ತೊಂಬತ್ತರ ದಶಕದ ಮಾತು. ಮಸ್ಕಿ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದೊಂದು ಸೈಕಲ್ ಅಂಗಡಿ. ಪಂಕ್ಚರ್ ಹಾಕುವ ಕೆಲಸದ ನಡುವೆ ಬಿಡುವು ಸಿಕ್ಕಾಗ ಕಾಮಿಕ್ಸ್ ಓದುತ್ತಿದ್ದೆ. ನಿಜ ಹೇಳಬೇಕೆಂದರೆ, ಕಾಮಿಕ್ಸ್ ಓದುವ ನಡುವೆ ಬಿಡುವು ಸಿಕ್ಕಾಗ ಪಂಕ್ಚರ್ ಹಾಕುತ್ತಿದ್ದೆ. ಲಿಂಗಸುಗೂರು ಬಸ್‌ಸ್ಟ್ಯಾಂಡಿನಲ್ಲಿ ದಾರಕ್ಕೆ ನೇತುಹಾಕಿ ಮಾರುತ್ತಿದ್ದ ಆ ಹಿಂದಿ ಪುಸ್ತಕಗಳಲ್ಲಿ ನನಗೆ ಪ್ರಾಣವಾಗಿದ್ದದ್ದು ಬಿಜಲಿಕುಮಾರನ ಕಥೆ. ಹಿಂದಿಯಲ್ಲಿ ಬಿಜಲಿ ಎಂದರೆ ಮಿಂಚೂ ಹೌದು, ಕರೆಂಟೂ ಹೌದು; ಕೈಯಿಂದ ಮಿಂಚು ಬಿಡುವ ಶೂರ ಅವನು. ಆದರೆ ನನ್ನ ಭಕ್ತಿಯೆಲ್ಲ ಶೂರನ ಮೇಲಲ್ಲ, ಅವನ ವೈರಿಯ ಮೇಲೆ. ಆ ವೈರಿಯೇ ಡಾಕ್ಟರ್ ಸುರಂಗ!

ಡಾಕ್ಟರ್ ಸುರಂಗ ಇರುವುದು ನೆಲದಡಿಯಲ್ಲಿ. ಅವನ ಮುಖ ಕಂಡವರಿಲ್ಲ. ಅವನು ಕೂಗುವುದಿಲ್ಲ, ನಗುವುದಿಲ್ಲ, ಕುರ್ಚಿ ಬಿಟ್ಟು ಏಳುವುದೂ ಇಲ್ಲ. ಇಡೀ ಪುಸ್ತಕಕ್ಕೆ ನಾಲ್ಕೇ ಮಾತು. ಮೆಲ್ಲಗೆ “ಕತ್ತಲಾಗಲಿ” ಎಂದನೆಂದರೆ ಊರಿಗೆ ಊರೇ ಕತ್ತಲಾಗುತ್ತದೆ. ಓದುವಾಗ ಹಾಡುಹಗಲಲ್ಲೂ ನನ್ನ ಬೆನ್ನು ಬೆವರುತ್ತಿತ್ತು.

ಇಂಥ ಮಹಾನುಭಾವನನ್ನು ಟೀವಿಯವರು ಧಾರಾವಾಹಿಗೆ ಎಳೆದು ತಂದರು. ರವಿವಾರ ಮುಂಜಾನೆ ನಾನು ಅಂಗಡಿ ಮುಚ್ಚಿ, ಓಣಿಯ ಮಂದಿಯನ್ನೆಲ್ಲ ಮನೆಗೆ ಕರೆದು, “ಸಣ್ಣ ಮಕ್ಕಳನ್ನ ಹಿಂದ ಕುಂದರಸ್ರಿ, ಅಂಜತಾವ” ಎಂದು ಮೊದಲೇ ಎಚ್ಚರಿಕೆ ಕೊಟ್ಟೆ. ಡಾಕ್ಟರ್ ಸುರಂಗ ಬಂದ. ಮೊದಲು ಹೊಟ್ಟೆ ಬಂತು, ಆಮೇಲೆ ಅವನು ಬಂದ! ಮೈತುಂಬ ಬೆಳ್ಳಿ ಬೇಗಡೆ, ತಲೆಗೆ ಎರಡು ಕೊಂಬು. ಬಂದವನೇ ತನ್ನ ಹೆಸರನ್ನು ತಾನೇ ಸಾರಿಕೊಂಡು, ಜಾಹೀರಾತು ಬರುವ ತನಕ ನಕ್ಕ. ಮಕ್ಕಳು ಅಂಜುವುದು ಹಾಗಿರಲಿ, ಎದ್ದು ನಿಂತು ಚಪ್ಪಾಳೆ ತಟ್ಟಿದವು.

“ಇವ ಸುರಂಗ ಅಲ್ಲ! ಇವ ಯಾವನೋ ಮಿಠಾಯಿ ಅಂಗಡ್ಯಾಂವ!” ಎಂದು ನಾನು ಟೀವಿಯ ಮುಂದೆ ನಿಂತು ಕೂಗಾಡಿದೆ.

“ಮೊದಲ ಅಡ್ಡ ಸರಕೊಳ್ರಿ, ಕಾಣವಲ್ದು” ಎಂದಳು ನನ್ನ ಹೆಂಡತಿ ನೀಲಮ್ಮ. “ಅವರಿಗೆ ಬರಂಗಿಲ್ಲ ಅಂದ್ರ ನೀವ ಮಾಡಿ ತೋರಸ್ರಿ.”

ನಾನು ಬಾಯಿ ಮುಚ್ಚಲಿ ಎಂದು ಅವಳು ಆಡಿದ ಮಾತು ಅದು. ನಾನು ಅದನ್ನು ಸವಿನಯ ಆಮಂತ್ರಣವೆಂದು ಸ್ವೀಕರಿಸಿದೆ.

ನೀಲಮ್ಮನ ತವರು ಗುರುಗುಂಟಾ. ಅಲ್ಲಿ ಪ್ರತಿ ವರ್ಷ ಗಣಪತಿ ಕೂಡಿಸಿದಾಗ ವೇಷ ಕಟ್ಟಿ ಹಾಡಿ ಕುಣಿಯುವ ಒಂದು ದೊಡ್ಡಾಟ ಆಡುತ್ತಾರೆ. ಆ ವರ್ಷ ಆಟ ಕಲಿಸುವ ಮಾಸ್ತರರು ಸಿಂಧನೂರಿನವರಿಗೆ ಒಪ್ಪಿಕೊಂಡುಬಿಟ್ಟಿದ್ದರು. ಗುರುಗುಂಟಾದವರು ಕೈಕೈ ಹಿಸುಕಿಕೊಳ್ಳುತ್ತಿದ್ದಾಗ ನಾನು, “ಮಾಸ್ತರ ಇಲ್ದಿದ್ರ ಏನಾತು, ನಾ ಇಲ್ಲೇನು? ಹೊಸಾ ಆಟ ಕಲಸ್ತೀನಿ” ಎಂದು ಹೇಳಿಕಳಿಸಿದೆ.

ಇದರಲ್ಲಿ ನನ್ನ ಸ್ವಾರ್ಥವೂ ಇತ್ತು. ಆ ಆಟದಲ್ಲಿ ಪ್ರತಿ ವರ್ಷ ರಾಕ್ಷಸನಾಗುವವರು ನನ್ನ ಮಾವ ಅಮರೇಗೌಡರು. ದೊಡ್ಡಾಟದಲ್ಲಿ ರಾಕ್ಷಸನೆಂದರೆ ಹುಡುಗಾಟವಲ್ಲ, ಇಡೀ ಆಟದ ಕಳೆಯೇ ಅವನು. ಮಾವ ಕಾಲು ಅಪ್ಪಳಿಸಿದರೆ ಆಟಕ್ಕೆಂದು ಕಟ್ಟಿದ ಅಟ್ಟದ ಹಲಗೆಗಳು ಎದ್ದು ಬೀಳುತ್ತಿದ್ದವು. ಅವರು ಯಾರಿಗೂ ಭಲೇ ಎಂದವರಲ್ಲ. ಬೀಗರು ನನ್ನ ಬಗ್ಗೆ ವಿಚಾರಿಸಿದರೆ “ಅಳಿಯಂದ್ರು ಓದತಾರ” ಎನ್ನುತ್ತಿದ್ದರು. ಏನು ಓದುತ್ತಾರೆ ಎಂದು ಕೇಳಿದರೆ ಮುಖ ಆಚೆ ತಿರುಗಿಸಿ, “ಚಿತ್ರದ ಪುಸ್ತಕ” ಎನ್ನುತ್ತಿದ್ದರು. ಮದುವೆಯಾದ ಹೊಸದು. ಆ ಬಾಯಿಂದ ಒಂದು ಸಲ, ಒಂದೇ ಒಂದು ಸಲ, ನನಗೆ ಭಲೇ ಎನ್ನಿಸಿಕೊಳ್ಳಬೇಕಾಗಿತ್ತು.

ಬಿಜಲಿಕುಮಾರನ ಪಾತ್ರವನ್ನು ನಾನೇ ಇಟ್ಟುಕೊಂಡೆ. ಅವನ ಮನಸ್ಸು ನನಗಲ್ಲದೆ ಇನ್ಯಾರಿಗೆ ಗೊತ್ತು? ಡಾಕ್ಟರ್ ಸುರಂಗ ಯಾರು ಎಂಬ ಪ್ರಶ್ನೆಯೇ ಇರಲಿಲ್ಲ. ತಾಲೀಮಿನ ಮೊದಲ ದಿನ ಮಾವ ತಮ್ಮ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕುಳಿತು, ಮೀಸೆಯ ಮೇಲೆ ಕೈ ಇಟ್ಟುಕೊಂಡು ಕೇಳಿದರು.

“ರಾಕ್ಷಸಗ ಮಾತು ಎಷ್ಟದಾವ್ರಿ ಅಳಿಯಂದ್ರ?”

“ನಾಕ್ರಿ ಮಾವಾರ.”

“ನಾಕು ಪುಟ?”

“ನಾಕು ಮಾತ್ರಿ.”

“ಪದಾ?”

“ಅಂವ ಹಾಡಂಗಿಲ್ರಿ.”

“ಕುಣತ?”

“ಕುಂತಿರತಾನ್ರಿ.”

“ಮುಖಾ?”

“ಮುಚ್ಚಿರತೈತ್ರಿ.”

ಮಾವ ಎದ್ದು, ಚಪ್ಪಲಿ ಮೆಟ್ಟಿಕೊಂಡು, ಹೊಲದ ಕಡೆ ನಡೆದುಬಿಟ್ಟರು. ಒಳಗಿನಿಂದ ಬಂದ ನೀಲಮ್ಮ ನನ್ನ ಅಂಗಿಯ ತೋಳು ಹಿಡಿದು ಅಡುಗೆಮನೆಗೆ ಎಳೆದಳು.

“ಏನ್ ಮಾಡಾಕತ್ತೀರಿ ನೀವು? ನಮ್ಮಪ್ಪನ ಮುಖಾ ಮುಚ್ಚತೀರೇನು? ಆ ಮೀಸಿ ನೋಡಾಕಂತ ಮುದಗಲ್ಲಿಂದ ಮಂದಿ ಬರತಾರ!”

“ಏ ನೀಲಾ, ಪುಸ್ತಕದಾಗ ಹಂಗ ಐತಿ.”

“ಪುಸ್ತಕಕ್ಕ ಹೆಣ್ಣು ಕೊಟ್ಟಿಲ್ಲ ನಮ್ಮಪ್ಪ, ನಿಮಗ ಕೊಟ್ಟಾನ.”

ಡಾಕ್ಟರ್ ಸುರಂಗನ ಮುಖ ತೆರೆದೆ. ಮುಖ ತೆರೆದ ಮೇಲೆ ಮೀಸೆಗೆ ತಕ್ಕ ಮಾತು ಬೇಕಾಯಿತು. ನಾಲ್ಕು ಮಾತು ನಲವತ್ತಾಯಿತು. ಮಾತು ಬಂದ ಮೇಲೆ ಹಾಡು ಬಿಟ್ಟೀತೆ? ಹಾಡು ಬಂದ ಮೇಲೆ ಕುಣಿತ ಬಂತು. ಕುರ್ಚಿ ಕುಣಿತಕ್ಕೆ ಅಡ್ಡವಾಗುತ್ತದೆ ಎಂದು ಕುರ್ಚಿ ಹೊರಗೆ ಹೋಯಿತು.

ಇಷ್ಟರಲ್ಲಿ ಸಾರಥಿಯ ಪಾತ್ರದ ಹನುಮಂತಪ್ಪ ತಕರಾರು ತೆಗೆದ. ದೊಡ್ಡಾಟದಲ್ಲಿ ಯಾವ ಪಾತ್ರ ಅಟ್ಟ ಹತ್ತಿದರೂ ಸಾರಥಿ ಎದುರು ನಿಂತು, ನೀನು ಯಾರು, ಯಾವ ಊರು ಎಂದು ಕೇಳಬೇಕು. ಪಾತ್ರ ತನ್ನ ಹೆಸರು, ಊರು, ಪರಾಕ್ರಮವನ್ನೆಲ್ಲ ಹೇಳಿಕೊಳ್ಳಬೇಕು. ಹೇಳದ ಹೊರತು ಆಟ ಮುಂದೆ ಹೋಗುವುದಿಲ್ಲ.

“ಇಂವ ಯಾರು ಅಂತ ಯಾರಿಗೂ ಗೊತ್ತಿರಬಾರ್ದು ಹನುಮಂತಪ್ಪ. ಅದ ಗುಟ್ಟು!” ಎಂದೆ.

“ಗುಟ್ಟು ಮಂದಿಗೆ ಇರಲ್ರಿ. ಸಾರಥಿಗೆ ಹೇಳಲಿಕ್ಕೆ ಏನಾಗೇತಿ?” ಎಂದ ಅವನು. “ಹೆಸರ ಹೇಳದಾಂವ ನಮ್ಮ ಅಟ್ಟದ ಮ್ಯಾಲೆ ಯಾಕ ನಿಂತಾನ ಅಂತ ನಾಳಿ ಮಂದಿ ನನ್ನ ಕೇಳತಾರ್ರಿ.”

ಹೀಗಾಗಿ ಲೋಕಕ್ಕೇ ತಿಳಿಯದ ಡಾಕ್ಟರ್ ಸುರಂಗ, ತಾನು ಹಟ್ಟಿ ಚಿನ್ನದ ಗಣಿಯ ನೆಲದಡಿಯ ಪಾತಾಳಪಟ್ಟಣಕ್ಕೆ ಅಧಿಪತಿಯೆಂದೂ, ಶಿವನಿಂದ ವರ ಪಡೆದವನೆಂದೂ ತನ್ನ ಬಾಯಿಂದಲೇ ಹೇಳುವುದೆಂದು ನಿರ್ಣಯವಾಯಿತು. ಮಾವನ ಮುಖ ಸ್ವಲ್ಪ ಅರಳಿತು. ಆದರೂ ಅವರಿಗೊಂದು ಸಂಶಯ ಉಳಿದಿತ್ತು.

“ಡಾಕ್ಟರ ಅಂದ ಮ್ಯಾಲೆ ಕೈಯಾಗ ಸೂಜಿ ಇರಬೇಕಲ್ರಿ?”

ರಾಕ್ಷಸನ ಕೈಗೆ ತಕ್ಕ ಸೂಜಿಯನ್ನು ಎಲ್ಲಿಂದ ತರುವುದು? ನನ್ನ ಅಂಗಡಿಯ ಸೈಕಲ್ ಪಂಪಿಗೇ ಬೆಳ್ಳಿ ಬಣ್ಣ ಬಳಿದು ಕೊಟ್ಟೆ. ಮಾವ ಎದೆಕಟ್ಟು ಕಟ್ಟಿ, ಕಿರೀಟ ಇಟ್ಟು, ಗೆಜ್ಜೆ ಕಟ್ಟಿ, ಪಂಪು ಹಿಡಿದು ನಿಂತಾಗ ನಾನು ನೋಡಿದೆ. ಮೊದಲು ಹೊಟ್ಟೆ ಕಂಡಿತು, ಆಮೇಲೆ ಮಾವ ಕಂಡರು. ಮೈತುಂಬ ಬೇಗಡೆ. ತನ್ನ ಹೆಸರು ತಾನೇ ಹೇಳಿಕೊಂಡು ನಗುವ ರಾಕ್ಷಸ! ಆ ಕ್ಷಣ ನನಗೆ ಆ ಧಾರಾವಾಹಿ ತೆಗೆದವನ ಮೇಲೆ ಮೊದಲ ಸಲ ಕರುಣೆ ಹುಟ್ಟಿತು. ಪಾಪ, ಅವನೂ ಪುಸ್ತಕ ಓದಿಯೇ ಇದ್ದನೇನೋ. ಆ ಟೀವಿಯ ಸುರಂಗ ಯಾರ ಮಾವನಾಗಿದ್ದನೋ ಯಾರಿಗೆ ಗೊತ್ತು!

ಇನ್ನು ನನ್ನ ವೇಷ. ಪುಸ್ತಕದಲ್ಲಿ ಬಿಜಲಿಕುಮಾರ ಪ್ಯಾಂಟಿನ ಮೇಲೆ ಕೆಂಪು ಚಡ್ಡಿ ಹಾಕುತ್ತಾನೆ. ನೀಲಮ್ಮ ಆ ಚಿತ್ರ ನೋಡಿ, “ಹಿಂಗ ನೀವು ನಮ್ಮೂರಾಗ ನಿಂತ್ರ, ನಾ ಈ ಜನ್ಮದಾಗ ತವರಮನಿಗೆ ಬರಂಗಿಲ್ಲ” ಎಂದು ಶಪಥ ಮಾಡಿದಳು. ಮಾತುಕತೆಯಾಗಿ, ಪ್ಯಾಂಟಿನ ಮೇಲೆ ಚಡ್ಡಿ, ಚಡ್ಡಿಯ ಮೇಲೆ ಮರ್ಯಾದೆಗೊಂದು ಧೋತರ ಎಂದು ರಾಜಿಯಾಯಿತು. ಬೆನ್ನಿಗೆ ಅವಳದೇ ಹಳದಿ ಸೀರೆ. ಕೈಯಲ್ಲಿ ಮಿಂಚು ಬಿಡಲು ಬ್ಯಾಟರಿ ದೀಪ.

ಎಲ್ಲ ತಾಲೀಮು ಆಯಿತು, ಒಂದು ಬಿಟ್ಟು. ಕೊನೆಗೆ ನನ್ನ ಮಿಂಚು ತಗುಲಿ ಮಾವ ಬೀಳಬೇಕು. ಅಲ್ಲಿಗೆ ಬಂದಾಗಲೆಲ್ಲ ಅವರು, “ಅದನ್ನ ಆಟದ ದಿನಾ ನೋಡೂಣು” ಎಂದು ಪಂಪು ಕೆಳಗಿಡುತ್ತಿದ್ದರು. ಅನುಭವಸ್ಥರು, ಬೀಳುವುದನ್ನು ಅವರಿಗೆ ಕಲಿಸಬೇಕೆ ಎಂದು ನಾನೂ ಸುಮ್ಮನಾದೆ. ನನ್ನ ಬುದ್ಧಿಗೆ ಮಂಕು ಬಡಿದಿತ್ತು!

ಕರೆಂಟಿನ ಭರವಸೆ ಇಲ್ಲದ್ದರಿಂದ ಹೊತ್ತಿರುವಾಗಲೇ ಆಟ ಶುರು ಮಾಡಿದೆವು. ಡಾಕ್ಟರ್ ಸುರಂಗ ಅಟ್ಟಕ್ಕೆ ಹಾರಿ ಬಂದು ಕಾಲು ಅಪ್ಪಳಿಸಿದ. ಹಲಗೆಗಳು ಕುಣಿದವು, ಸೀಟಿಗಳು ಹಾರಿದವು. ತನ್ನ ಪರಿಚಯ ಹೇಳುವುದಕ್ಕೇ ಆಟದ ಅರ್ಧ ತೆಗೆದುಕೊಂಡ. ಮಂದಿ ಬಾಯಿ ತೆರೆದು ಕೇಳಿದರು. ಆಮೇಲೆ ನಾನು ಬಂದೆ. ಒಂದು ನಾಯಿ ಬೊಗಳಿತು.

“ಯಾರಲೇ ಇಂವ?” ಎಂದು ಮುಂದಿನ ಸಾಲಿನ ಮುದುಕನೊಬ್ಬ ಕೇಳಿದ.

“ಗೌಡ್ರ ಅಳಿಯ.”

“ಅಯ್ಯೋ ಪಾಪ, ಏನಾಗೇತಿ ಅವಂಗ?”

ನಾನು ಎದೆಗುಂದಲಿಲ್ಲ. ಸುರಂಗನ ಎದುರು ಕಾಲೂರಿ ನಿಂತು, “ಎಲವೋ ದುಷ್ಟ!” ಎಂದು ಬೆರಳು ತೋರಿಸಿದೆ.

“ಏ! ಮಾವಗ ಎಲವೋ ಅಂತೀಯೇನಲೇ?” ಎಂದು ಹಿಂದಿನಿಂದ ಯಾರೋ ಗದರಿದರು.

“ಎಲವೋ ದುಷ್ಟರೇ” ಎಂದು ತಿದ್ದಿಕೊಂಡೆ.

ಇನ್ನು ತಡಮಾಡಬಾರದೆಂದು ಬ್ಯಾಟರಿ ಒತ್ತಿದೆ. ಸುರಂಗ ಬೀಳಲಿಲ್ಲ. ಮತ್ತೆ ಒತ್ತಿದೆ. ಅವನು ಬೆಳಕಿಗೆ ಮೀಸೆ ಹೊಳೆಯುವಂತೆ ಮುಖ ತಿರುಗಿಸಿದ.

“ಬೀಳ್ರಿ ಮಾವಾರ” ಎಂದು ಪಿಸುಗುಟ್ಟಿದೆ.

ಅವರು ಪಿಸುಗುಟ್ಟಲಿಲ್ಲ. “ಎಲಾ ಬಿಜಲಿ! ನಿನ್ನಂಥಾ ಬಿಜಲಿ ನಮ್ಮೂರಾಗ ದಿನಾ ಹೋಗತೈತಿ! ನಾವೇನು ಬಿದ್ದೀವೇನು?” ಎಂದು ಆರ್ಭಟಿಸಿದರು. ಆ ಸೀಟಿ, ಆ ಚಪ್ಪಾಳೆ, ಏನು ಹೇಳಲಿ! ಈ ಮಾತು ನಾನು ಬರೆದದ್ದಲ್ಲ.

ನಾನು ಮೂರನೆಯ ಸಲ ಒತ್ತುವಷ್ಟರಲ್ಲಿ ನೀಲಮ್ಮನ ಕಾಕಾ ಹಾರ, ಟವಲು ಹಿಡಿದು ಅಟ್ಟ ಹತ್ತಿದರು. ನಮ್ಮ ಕಡೆ ಆಟ ರಂಗೇರಿದಾಗ ನೆಂಟರಿಷ್ಟರು ಎದ್ದು ಬಂದು ಪಾತ್ರಧಾರಿಗೆ ಉಡುಗೊರೆ ಕೊಟ್ಟು ಆಯೇರಿ ಮಾಡುವುದು ರೂಢಿ. ಯುದ್ಧವಿರಲಿ, ಮರಣವಿರಲಿ, ಆಯೇರಿ ನಿಲ್ಲದು. ಹಾರ ಮಾವನಿಗೇ ತಂದದ್ದು. ಆದರೆ ಹೊಸ ಅಳಿಯ ಪಕ್ಕದಲ್ಲಿರುವಾಗ ಮೊದಲು ಮಾವನಿಗೆ ಹಾಕಲು ಬರುತ್ತದೆಯೆ?

“ಮೊದಲ ಅಳಿಯಂದ್ರಿಗೆ” ಎಂದು ಕಾಕಾ ನನ್ನ ಹೆಗಲಿಗೆ ಟವಲು ಹೊದಿಸಿ, ಕೊರಳಿಗೆ ಹಾರ ಹಾಕಿದರು. ಹೆಣ್ಣುಮಕ್ಕಳ ಸಾಲಿನಿಂದ ನೀಲಮ್ಮ, “ರೀ, ಹಿರೇರ ಕಾಲಿಗೆ ಬೀಳ್ರಿ!” ಎಂದು ಕಣ್ಣು ಕೆಕ್ಕರಿಸಿದಳು. ಆಯೇರಿ ಸಿಕ್ಕ ಕೂಡಲೇ ಹಿರಿಯರಿಗೆ ನಮಸ್ಕರಿಸಬೇಕು. ಕಾಕಾನ ಕಾಲಿಗೆ ಬಿದ್ದೆ. ಅಟ್ಟದ ಮೇಲಿದ್ದ ಇನ್ನೊಬ್ಬ ಹಿರಿಯರು ಯಾರು? ಡಾಕ್ಟರ್ ಸುರಂಗ!

ಲೋಕವನ್ನು ಕಾಯಬೇಕಾದ ಬಿಜಲಿಕುಮಾರ, ನಡುಯುದ್ಧದಲ್ಲಿ, ಹಾರ ಹಾಕಿಕೊಂಡು, ಟವಲು ಹೊದ್ದು, ಸುರಂಗನ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡ.

ಮಾವನಿಗೂ ಆ ಗಳಿಗೆ ಪಾತ್ರ ಮರೆತುಹೋಯಿತು. “ನೂರು ವರ್ಷ ಚೆಂದಾಗಿ ಬಾಳ್ರಿ” ಎಂದು ಪಂಪಿನ ಕೈಯಿಂದಲೇ ಆಶೀರ್ವಾದ ಮಾಡಿದರು. ಮರುಗಳಿಗೆ ತಾವು ರಾಕ್ಷಸನೆಂಬುದು ನೆನಪಾಗಿ, ಬಿಟ್ಟುಹೋದ ಆರ್ಭಟವನ್ನೂ ಸೇರಿಸಿ, ಶಕ್ತಿಮೀರಿ ಕಾಲು ಅಪ್ಪಳಿಸಿದರು. ಅವರ ಕಡೆಯ ಹಲಗೆಯ ತುದಿ ಕೆಳಗೆ ಹೋಯಿತು. ನನ್ನ ಕಡೆಯ ತುದಿ ಮೇಲೆ ಬಂತು. ಬಾಗಿದ್ದ ನಾನು ಹಾರಿದೆ. ಪುಸ್ತಕದಲ್ಲಿ ಬಿಜಲಿಕುಮಾರ ಹಾರುವುದು ಹೀಗೆಯೇ, ಇಳಿಯುವುದು ಮಾತ್ರ ಬೇರೆ!

ನಾನು ಇಳಿದದ್ದು ಹೆಣ್ಣುಮಕ್ಕಳ ಸಾಲಿನಲ್ಲಿ, ಅತ್ತೆಯವರ ಮುಂದೆ, ಮೊಣಕಾಲೂರಿ. ಅಳಿಯನೆದುರು ಅಂದಿನ ತನಕ ಮುಖವೆತ್ತಿ ಮಾತಾಡದ ಅತ್ತೆ, ಗಾಬರಿಯಲ್ಲಿ ತಲೆಯ ಮೇಲೆ ಸೆರಗು ಎಳೆದುಕೊಂಡು, ರೂಢಿಯಂತೆ “ಯಾವಾಗ ಬಂದ್ರಿ?” ಎಂದರು.

ಮೇಲೆ ಹನುಮಂತಪ್ಪ ಗೊಂದಲಕ್ಕೆ ಬಿದ್ದಿದ್ದ. ಯಾರಾದರೂ ಬಿದ್ದರೆ ಆಟ ಮುಗಿಯಿತು ಎಂದಷ್ಟೇ ನಾನು ಅವನಿಗೆ ಹೇಳಿದ್ದೆ. ಯಾರು ಎಂದು ಒತ್ತಿ ಹೇಳಿರಲಿಲ್ಲ. ಅವನು ಅತ್ತ ಇತ್ತ ನೋಡಿ, ಗಂಟಲು ಸರಿಮಾಡಿಕೊಂಡು ಸಾರಿದ: “ಬಿಜಲಿಕುಮಾರನು ಹತನಾದನು!” ಹಾರ್ಮೋನಿಯಂ ಮಂಗಳ ಹಿಡಿಯಿತು.

“ನಾ ಸತ್ತಿಲ್ಲೋ!” ಎಂದು ಕೂಗಿದೆ.

“ಸುಮ್ನಿರ್ರಿ, ಮಂಗಳಾರತಿ ಹತ್ತೇತಿ” ಎಂದು ಪಕ್ಕದ ಮುದುಕಿ ನನ್ನ ತಲೆ ತಗ್ಗಿಸಿದಳು.

ಪಾತಾಳದ ಅಧಿಪತಿಗೆ ಆರತಿಯಾಯಿತು. ಲೋಕ ಅವನ ವಶವಾಯಿತು. ಗುರುಗುಂಟಾದಲ್ಲಿ ಯಾರಿಗೂ ಅದರಿಂದ ಬೇಸರವಾದಂತೆ ಕಾಣಲಿಲ್ಲ. ನನ್ನನ್ನು ಇಬ್ಬರು ಹೆಗಲು ಕೊಟ್ಟು ಮಾವನ ಮನೆಗೆ ತಂದರು.

ಊಟಕ್ಕೆ ಕುಳಿತಾಗ ನನ್ನ ಮೊಣಕಾಲು ಕುಂಬಳಕಾಯಿಯಾಗಿತ್ತು. ಎದುರಿಗೆ ಮಾವ. ಬಣ್ಣ ಒರೆಸಿದ್ದರೂ ಹುಬ್ಬಿನ ಕಪ್ಪು ಹೋಗಿರಲಿಲ್ಲ. ಅವರ ಆಟ ಕೆಡಿಸಿದೆನಲ್ಲಾ, ಇನ್ನು ಈ ಜನ್ಮದಲ್ಲಿ ಈ ಮನುಷ್ಯ ನನ್ನನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದುಕೊಂಡು ತಲೆ ಎತ್ತದೆ ರೊಟ್ಟಿ ಮುರಿಯುತ್ತಿದ್ದೆ. ನಿಜಕ್ಕೂ ದುಃಖವಾಗಿತ್ತು.

“ಅಳಿಯಂದ್ರ” ಎಂದರು.

“ಹೇಳ್ರಿ ಮಾವಾರ.”

“ಇಷ್ಟು ವರ್ಷ ಆಟ ಆಡೀನಿ. ಪ್ರತಿ ವರ್ಷ ನಾನ ಬಿದ್ದೀನಿ. ರಾಮ ಆದಾಂವ ಬೀಳಸ್ಯಾನ, ಭೀಮ ಆದಾಂವ ಬೀಳಸ್ಯಾನ. ನನ್ನ ಸಲುವಾಗಿ ತಾನ ಬಿದ್ದಾಂವ ಇಲ್ಲಿತನಾ ಒಬ್ಬನೂ ಹುಟ್ಟಿದ್ದಿಲ್ಲ.”

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ನೀಲಮ್ಮ ಬಾಗಿಲಿಗೆ ಬಂದು ನಿಂತಳು.

“ಭಲೇ!” ಎಂದರು ಮಾವ. “ಬೀಳೂದು ಭಾಳ ಚೊಲೋ ಬಿದ್ರಿ!”

ಬೇಡಿದ ವರ ಕೈಗೂಡಿತ್ತು. ಸಂತೋಷಕ್ಕೆ ಕೂಡಲೇ ಎದ್ದು ಅವರ ಕಾಲಿಗೆ ಬೀಳೋಣವೆಂದುಕೊಂಡೆ. ಬೀಳಬೇಕೆಂದರೂ ಮೊದಲು ಏಳಬೇಕಲ್ಲ, ಮೊಣಕಾಲು ಒಪ್ಪಲಿಲ್ಲ!