ಟೂ ಸ್ಟ್ರೋಕು, ಫೋರ್ ಸ್ಟ್ರೋಕು, ಒಂದೆಳೆ ಬೋರಮಾಳ

ಟೂ ಸ್ಟ್ರೋಕ್ ಮೋಟರಿಗೆ ಒಂದು ಲಕ್ಷ ಹದಿನೆಂಟು ಸಾವಿರ. ಫೋರ್ ಸ್ಟ್ರೋಕಿಗೆ ಒಂದು ಲಕ್ಷ ಅರವತ್ನಾಲ್ಕು ಸಾವಿರ. ಆನೆಗೊಂದಿಯ ದೋಣಿ ಗಾಳೆಪ್ಪನ ಹತ್ತಿರ ಇದ್ದದ್ದು ಒಂದು ಲಕ್ಷ ಅರವತ್ತೈದು ಸಾವಿರ. ಅಂದರೆ ಟೂ ಸ್ಟ್ರೋಕ್ ಕೊಂಡರೆ ನಲವತ್ತೇಳು ಸಾವಿರ ಉಳಿಯುತ್ತದೆ, ಫೋರ್ ಸ್ಟ್ರೋಕ್ ಕೊಂಡರೆ ಒಂದು ಸಾವಿರ. ನಲವತ್ತೇಳು ಸಾವಿರಕ್ಕೆ ಗಂಗಾವತಿಯ ಬಂಗಾರದ ಅಂಗಡಿಯಲ್ಲಿ ಅರಗು ತುಂಬಿದ ಗುಂಡಿನ ಒಂದೆಳೆ ಬೋರಮಾಳ ಬರುತ್ತದೆ. ಒಂದು ಸಾವಿರ ಹಿಡಿದುಕೊಂಡು ಹೋದರೆ ಆ ಅಂಗಡಿಯಲ್ಲಿ ಚಹಾ ಕೂಡ ತರಿಸುವುದಿಲ್ಲ.

ಈ ಲೆಕ್ಕವನ್ನು ಹೆಂಡತಿ ಕನಕಮ್ಮನ ಮುಂದೆ ಬಾಯಿಬಿಟ್ಟು ಹೇಳಿದ್ದೇ ಗಾಳೆಪ್ಪ ಮಾಡಿದ ಮೊದಲ ತಪ್ಪು.

"ಸೋವೀದು ಮನಸ್ಸಿಗೆ ಬಂತಂದ್ರ, ಉಳಿದ ರೊಕ್ಕದಾಗ ನಿನಗ ಬೋರಮಾಳ" ಎಂದಿದ್ದ.

ಮದುವೆಯಾಗಿ ಇಪ್ಪತ್ತೆರಡು ವರ್ಷದಿಂದ ಬೋರಮಾಳದ ಮಾತು ಕೇಳುತ್ತ ಬಂದಿದ್ದ ಕನಕಮ್ಮ ಅವತ್ತಿನಿಂದ ರೊಟ್ಟಿ ಬಡಿಯುವಾಗಲೂ ನಡುನಡುವೆ ಕೈ ಒರೆಸಿಕೊಂಡು ಬರಿ ಕೊರಳು ಮುಟ್ಟಿ ನೋಡಿಕೊಳ್ಳತೊಡಗಿದಳು.

ಗಾಳೆಪ್ಪನ ಕೆಲಸ ಇಷ್ಟೇ. ಹೊಳೆಯ ನಡುಗಡ್ಡೆಯಲ್ಲಿ ಬಾಳೆತೋಟಗಳಿವೆ. ಬೆಳಿಗ್ಗೆ ಹನ್ನೆರಡು ಮಂದಿ ಕೂಲಿ ಹೆಣ್ಣುಮಕ್ಕಳನ್ನು ದೋಣಿಯಲ್ಲಿ ಅಲ್ಲಿಗೆ ಬಿಡಬೇಕು. ಅವರು ಕಡಿದ ಗೊನೆಗಳನ್ನು ಮಧ್ಯಾಹ್ನ ಒಮ್ಮೆ, ಇಳಿಹೊತ್ತಿಗೆ ಒಮ್ಮೆ ಈಚೆ ದಂಡೆಗೆ ತಂದು ಲಾರಿಗೆ ಮುಟ್ಟಿಸಬೇಕು. ಹನ್ನೊಂದು ವರ್ಷ ದುಡಿದ ಹಳೆಯ ಮೋಟರು ಹೋದ ಅಮಾವಾಸ್ಯೆಯ ದಿನ ನಡುಹೊಳೆಯಲ್ಲಿ ಒಂದು ಸಲ ಕೆಮ್ಮಿ ಸುಮ್ಮನಾಗಿತ್ತು. ಅಂದಿನಿಂದ ಹುಟ್ಟು ಹಾಕಿ ಹಾಕಿ ಗಾಳೆಪ್ಪನ ಎರಡೂ ಹೆಗಲು ಹಳೆ ಬಾಗಿಲಿನ ಹಾಗೆ ಕಿರುಗುಟ್ಟುತ್ತಿದ್ದವು.

ಆ ದಿನ ಬೆಳಿಗ್ಗೆ ಆರೂವರೆಗೆ ಗಂಗಾವತಿಯ ಮೋಟರು ವ್ಯಾಪಾರಿ ಪ್ರಭುರಾಜ ಗೂಡ್ಸ್ ಆಟೋದಲ್ಲಿ ಎರಡೂ ಮೋಟರು ತಂದು ಹೊಳೆದಂಡೆಯ ಬೇವಿನ ಗಿಡದ ಕೆಳಗೆ ಇಳಿಸಿದ. ಎರಡೂ ಎಂಟು ಎಚ್‌ಪಿ, ಎರಡಕ್ಕೂ ಕರೀ ಟೊಪ್ಪಿಗೆ, ಎರಡಕ್ಕೂ ಮೂರೆಸಳಿನ ಪಂಕ.

"ಒಂದಿನ ಪೂರಾ ಓಡಿಸಿ ನೋಡ್ರಿ. ಸಂಜಿ ಐದಕ್ಕ ಬರ್ತೀನಿ. ಒಂದು ಇಟಗೋರಿ, ಒಂದು ಕೊಡ್ರಿ. ಆದ್ರ ಕೊಡೂದು ಈಗ ಹೆಂಗೈತಿ ಹಂಗ ಇರಬೇಕು, ಏನ್ರಿ?" ಎಂದ ಪ್ರಭುರಾಜ.

ಕನಕಮ್ಮ ಸೆರಗಿನಲ್ಲಿ ಕಾಯಿ, ಕುಂಕುಮ ಕಟ್ಟಿಕೊಂಡೇ ಬಂದಿದ್ದಳು. "ನೀರಿಗೆ ಇಳಸೂಕಿಂತ ಮೊದಲು ಒಂದು ಕಾಯಿ ಒಡೀತೀನಿ ತಡೀರಿ."

ಪ್ರಭುರಾಜ ಹಾವು ತುಳಿದವನಂತೆ ಹಾರಿ ಅಡ್ಡ ನಿಂತ. "ಬ್ಯಾಡಬೇ ಅಕ್ಕಾ! ಪೂಜಿ ಆತಂದ್ರ ಅದು ನಿಮ್ಮದು, ಆಮ್ಯಾಲೆ ನಾ ವಾಪಸ್ ತಗೋಳಂಗಿಲ್ಲ. ಹೋದ ವರ್ಷ ಒಬ್ರು ಹಿಂಗ ಇಬತ್ತಿ ಬಡದು ಕೊಟ್ರು. ಕುಂಕುಮ ಬಿದ್ದ ಮಾಲನ್ನ ಹೊಸಾದು ಅಂತ ಯಾರು ತಗೋತಾರ? ಎಂಟು ತಿಂಗಳು ಅಂಗಡ್ಯಾಗ ಕುಂತಿತ್ತು, ದೇವ್ರು ಕುಂತಂಗ."

"ಹೌದೇನು?" ಎಂದು ಕನಕಮ್ಮ ಕಾಯಿಯನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡು ಮನೆಗೆ ಹೋದಳು.

ಹೊಳೆದಂಡೆಗೆ ಹೊಸ ಮೋಟರು ಬಂದರೆ ಊರಲ್ಲಿ ಯಾರಿಗೂ ಬೇರೆ ಕೆಲಸ ಇರುವುದಿಲ್ಲ. ಮೂವತ್ತು ವರ್ಷ ಸರಕಾರಿ ಬಸ್ಸು ಓಡಿಸಿ ನಿವೃತ್ತನಾದ ಶರಣಬಸಪ್ಪ, ಬನಿಯನ್ನಿನ ಮೇಲೆ ಟವೆಲು ಹಾಕಿಕೊಂಡು ಮೊದಲು ಬಂದ. ಬೈಕು ರಿಪೇರಿ ಮಾಡುವ ದುರಗೇಶ ಕೈಯಲ್ಲಿ ಪಾನಾ ಹಿಡಿದುಕೊಂಡೇ ಬಂದ, ಯಾರೂ ಕರೆಯದಿದ್ದರೂ.

"ಗಾಳ್ಯಾ, ಫೋರ್ ಸ್ಟ್ರೋಕ್ ತಗೋಲೇ. ಬಸ್ಸಿಗಿರೂದು ಅದ. ಎಣ್ಣಿ ಬ್ಯಾರೆ, ಪೆಟ್ರೋಲ್ ಬ್ಯಾರೆ. ಒಂದೇ ಗಂಗಾಳದಾಗ ಎರಡೂ ಕಲಸಿ ತಿನ್ನೂದಿಲ್ಲ ಅದು" ಎಂದ ಶರಣಬಸಪ್ಪ.

"ಕಾಕಾ, ನೀ ಬಸ್ ಓಡಿಸೀದಿ, ಬಿಚ್ಚಿಲ್ಲ" ಎಂದ ದುರಗೇಶ. "ಟೂ ಸ್ಟ್ರೋಕಿನಾಗ ಸಾಮಾನ ಕಡಿಮಿ. ಕೆಟ್ರ ನಾ ಅದೀನಿ. ಫೋರ್ ಸ್ಟ್ರೋಕ್ ಕೆಟ್ರ ಗಾಳೆಪ್ಪ ಮಾಂವ ಹೊಳಿ ದಂಡ್ಯಾಗ ಕುಂತು ಬೆಂಗಳೂರಿಗೆ ಫೋನ್ ಹಚ್ಚಬೇಕು."

"ನೀ ಅದೀಯಲ್ಲ, ಅದಕ್ಕ ಹೆದರಿಕಿ ನನಗ" ಎಂದ ಶರಣಬಸಪ್ಪ.

ಹಿರಿಯನ ಮಾತು ಮೊದಲು ಎಂದು ಬೆಳಿಗ್ಗೆ ಫೋರ್ ಸ್ಟ್ರೋಕ್ ಕಟ್ಟುವುದೆಂದಾಯಿತು. ಅದು ನಲವತ್ತು ಕಿಲೋ. ಗಾಳೆಪ್ಪ ತಲೆಕಡೆ, ದುರಗೇಶ ಪಂಕದ ಕಡೆ ಹಿಡಿದರು. ಶರಣಬಸಪ್ಪ ಟವೆಲು ಬೀಸುತ್ತ, "ಬರ್ಲಿ, ಬರ್ಲಿ, ಬಲಕ್ಕ ಕಟ್ ಮಾಡ್ರಿ" ಎಂದು ಹಿಂದೆ ಹಿಂದೆ ನಡೆದು ತಾನೇ ಮೊಣಕಾಲುದ್ದ ನೀರಿಗೆ ಬಿದ್ದ. ಅವನನ್ನು ಎತ್ತುವುದಕ್ಕೆ ಮೋಟರು ಕೆಳಗಿಡಬೇಕಾಯಿತು. ಮತ್ತೆ ಅದನ್ನು ಎತ್ತುವ ಹೊತ್ತಿಗೆ ಗಾಳೆಪ್ಪನ ಹೆಗಲುಗಳು ಕಿರುಗುಟ್ಟುವುದನ್ನೂ ಬಿಟ್ಟವು.

ಮೋಟರು ಮಾತ್ರ ಮೊದಲ ಎಳೆತಕ್ಕೇ ಹತ್ತಿತು. ಹತ್ತಿತೋ ಇಲ್ಲವೋ ಎಂದು ದುರಗೇಶ ಟೊಪ್ಪಿಗೆಗೆ ಕಿವಿ ಹಚ್ಚಿ ಕೇಳಬೇಕಾಯಿತು. ಉಂಡು ಮಲಗಿದ ಬೆಕ್ಕು ಉಸಿರಾಡಿದಂತೆ ಸದ್ದು. ದೋಣಿ ಎಣ್ಣೆ ಹಚ್ಚಿದ ಹಾಗೆ ಜಾರಿಕೊಂಡು ಹೋಯಿತು. ಹೆಣ್ಣುಮಕ್ಕಳನ್ನು ನಡುಗಡ್ಡೆಗೆ ಬಿಟ್ಟು ಬಂದು ಡಬ್ಬಿಯೊಳಗೆ ಇಣುಕಿದರೆ ಪೆಟ್ರೋಲು ಖರ್ಚಾದ ಗುರುತೇ ಇಲ್ಲ.

"ನಾ ಏನಂದಿದ್ನಿ?" ಎಂದ ಶರಣಬಸಪ್ಪ, ಒದ್ದೆ ಧೋತರ ಹಿಂಡುತ್ತ.

ತೊಂದರೆ ಶುರುವಾದದ್ದು ಹನ್ನೊಂದಕ್ಕೆ. ಗೊನೆ ತರಲು ಗಾಳೆಪ್ಪ ಮತ್ತೆ ನಡುಗಡ್ಡೆಗೆ ಹೋದ. ದಂಡೆಯಲ್ಲಿ ಒಂದು ಗೊನೆಯೂ ಇರಲಿಲ್ಲ, ಒಂದು ನರಪಿಳ್ಳೆಯೂ ಇರಲಿಲ್ಲ. ಇನ್ನೂ ಕಡಿಯುತ್ತಿರಬೇಕು ಎಂದು ಬಂಡೆಯ ನೆರಳಿಗೆ ಕೂತ. ಅರ್ಧ ತಾಸಾಯಿತು. ಹೆಣ್ಣುಮಕ್ಕಳ ಮುಂದಾಳು ಜುಬೇದಾಬೀಗೆ ಫೋನು ಹಚ್ಚಿದ, ಸ್ವಿಚ್ ಆಫ್. ಮುಕ್ಕಾಲು ತಾಸಾಯಿತು. ಕೊನೆಗೆ ಕೆಸರು ತುಳಿದುಕೊಂಡು ತೋಟದೊಳಗೆ ಹೋಗಿ ನೋಡಿದರೆ ಹನ್ನೆರಡೂ ಮಂದಿ ಗೊನೆ ಕಡಿದು ರಾಶಿ ಹಾಕಿ, ಬಾಳೆಲೆ ಹಾಸಿಕೊಂಡು, ಎಲೆಯಡಿಕೆ ಮುಗಿಸಿ, ಯಾರದೋ ಸೊಸೆಯ ಕಥೆಯ ಕೊನೆಯ ಭಾಗಕ್ಕೆ ಬಂದಿದ್ದರು.

"ಅರೇ ಗಾಳೆಪ್ಪಣ್ಣಾ, ಯಾವಾಗ ಬಂದಿ?" ಎಂದಳು ಜುಬೇದಾಬೀ.

"ಮುಕ್ಕಾಲು ತಾಸಾತು!"

"ಯಾ ಅಲ್ಲಾ! ಮತ್ತ ಡಬಡಬ ಕೇಳ್ಲೇ ಇಲ್ಲಲ್ಲ? ಹನ್ನೊಂದು ವರ್ಷ ಆತು, ಡಬಡಬ ಕೇಳಿದ ಮ್ಯಾಲೇ ನಾವು ಗೊನಿ ಹೊರೋದು. ಕಳ್ಳ ಬಂದಂಗ ಬಂದ್ರ ನಮಗ ಹೆಂಗ ತಿಳೀಬೇಕು?"

"ಕೂಗಿದ್ನೆಲ್ಲ!"

"ದಿನಾ ಯಾರರ ಕೂಗ್ತಾರ. ಕೂಗಿದವರಿಗೆಲ್ಲ ಓ ಅನ್ಕೋತ ಕುಂತ್ರ ಬಾಳಿ ಯಾರು ಕಡೀಬೇಕು?"

ಗೊನೆಗಳು ಈಚೆ ದಂಡೆಗೆ ಬರುವ ಹೊತ್ತಿಗೆ ಹನ್ನೆರಡೂವರೆಯ ಲಾರಿ ಧೂಳು ಬಿಟ್ಟು ಹೋಗಿತ್ತು. ಬಾಳೆ ವ್ಯಾಪಾರಿ ಫೋನಿನಲ್ಲಿ, "ಮೂರರ ಲಾರೀನೂ ತಪ್ಪಿಸಿದ್ಯಂದ್ರ ನಾಳಿಂದ ಬ್ಯಾರೆ ದೋಣಿ ನೋಡ್ತೀನಿ" ಎಂದು ಕಡಿದುಬಿಟ್ಟ.

ಗಾಳೆಪ್ಪ ಫೋರ್ ಸ್ಟ್ರೋಕನ್ನು ಬಿಚ್ಚಿಸಿ ಬೇವಿನ ಗಿಡದ ಕೆಳಗೆ ಗೋಣಿಚೀಲದ ಮೇಲೆ ಮಲಗಿಸಿದ. ಟೂ ಸ್ಟ್ರೋಕನ್ನು ಒಬ್ಬನೇ ಹೆಗಲ ಮೇಲೆ ಹೊತ್ತು ತಂದು ಕಟ್ಟಿದ.

ಇದಕ್ಕೆ ಪೆಟ್ರೋಲಿಗೇ ಎಣ್ಣೆ ಕಲಸಬೇಕು. ದುರಗೇಶ ಅಳತೆ ಮಾಡಿ ಕಲಸಿ, ಕೈ ತೊಳೆಯಲು ಹೋದ. ಅಷ್ಟರಲ್ಲಿ ಶರಣಬಸಪ್ಪ ಬಂದು, ಡಬ್ಬಿಯ ಪಕ್ಕದಲ್ಲಿ ಎಣ್ಣೆ ಬಾಟಲಿ ನೋಡಿ, "ಈ ಹುಡುಗಗ ಜವಾಬ್ದಾರಿ ಇಲ್ಲ" ಎಂದು ತಾನೂ ಅಷ್ಟು ಸುರಿದ. ಹುಟ್ಟು ತರಲು ಹೋಗಿದ್ದ ಗಾಳೆಪ್ಪ ಬಂದು, ಇವರಿಬ್ಬರನ್ನು ನಂಬಿದರೆ ಕೆಟ್ಟೆ ಎಂದು, ಉಳಿದದ್ದನ್ನೂ ಹೊಯ್ದ.

ಅದೇ ಹೊತ್ತಿಗೆ ಕನಕಮ್ಮ ರೊಟ್ಟಿಯ ಗಂಟು ತಂದಳು. ಗಾಳೆಪ್ಪ ದೋಣಿಯಲ್ಲಿ ನಿಂತೇ ರೊಟ್ಟಿ ಮುರಿದ.

"ಯಾವುದು ಅಂತ ಆತು?" ಎಂದು ಕೇಳಿದಳು ಕನಕಮ್ಮ.

"ನನ್ನ ತಲಿ ಕೆಟ್ಟು ಮೊಸರಾಗೇತಿ. ಪೆಟ್ರೋಲಿನ ಲೆಕ್ಕ ನೋಡಿದ್ರ ತುಟ್ಟೀದನ್ನ ತಗೊಂಡು ಕೈ ತೊಳಕೊಳ್ಳೂದು ಛಲೋ ಅನಸ್ತೈತಿ."

ಕನಕಮ್ಮ ಏನೂ ಅನ್ನಲಿಲ್ಲ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವಳು ಏನೂ ಅನ್ನದೆ ಇದ್ದದ್ದು ಅದು ಮೂರನೆಯ ಸಲ. ಗಾಳೆಪ್ಪ ಆಗಲೇ ಎಚ್ಚರಾಗಬೇಕಿತ್ತು. ಆದರೆ ಅವನ ಗಮನ ಮೂರರ ಲಾರಿಯ ಮೇಲಿತ್ತು. ಹಗ್ಗ ಎಳೆದ.

ಟೂ ಸ್ಟ್ರೋಕ್ ಹತ್ತಿದ ಸದ್ದಿಗೆ ಬೇವಿನ ಗಿಡದ ಕಾಗೆಗಳೆಲ್ಲ ಒಮ್ಮೆಲೇ ಎದ್ದವು. ಹಿಂದೆಯೇ ಹೊಗೆ ಬಂತು. ಮೂರು ಪಾಲು ಎಣ್ಣೆ ಕುಡಿದಿದ್ದ ಮೋಟರು, ಪಂಚಾಯತಿಯವರು ಸೊಳ್ಳೆಗೆ ಬಿಡುವ ಹೊಗೆಯ ಯಂತ್ರವನ್ನು ನಾಚಿಸುವಂತೆ, ಬೆಳ್ಳನೆಯ ಮೋಡವನ್ನು ದಂಡೆಯ ಉದ್ದಕ್ಕೂ ಹಾಸಿತು. ಶರಣಬಸಪ್ಪ ಮಾಯವಾದ. ಅವನ ಕೆಮ್ಮು ಮಾತ್ರ ಉಳಿಯಿತು. ದೋಣಿ ಎತ್ತ ಹೋಯಿತೆಂದು ಯಾರಿಗೂ ಕಾಣಲಿಲ್ಲ, ಆದರೆ ಎತ್ತ ಹೋಗುತ್ತಿದೆಯೆಂದು ಇಡೀ ಊರಿಗೆ ಕೇಳುತ್ತಿತ್ತು.

ನಡುಗಡ್ಡೆ ಮುಟ್ಟಿದಾಗ ಗಾಳೆಪ್ಪನ ಕಣ್ಣಲ್ಲಿ ನೀರು, ಗಂಟಲಲ್ಲಿ ಎಣ್ಣೆ. ಆದರೆ ದಂಡೆಯಲ್ಲಿ ಹನ್ನೆರಡು ಮಂದಿ ತಲೆಯ ಮೇಲೆ ಗೊನೆ ಹೊತ್ತು ಸಾಲಾಗಿ ನಿಂತಿದ್ದರು.

"ಹಿಂಗ ಬರಬೇಕು ನೋಡು, ಗಂಡಸಿನಂಗ!" ಎಂದು ಮೂಗಿಗೆ ಸೆರಗು ಒತ್ತಿಕೊಂಡೇ ಕೂಗಿದಳು ಜುಬೇದಾಬೀ. "ಹೊಗಿ ಬಂದ್ರ ಬರ್ಲಿ, ತ್ರಾಸಿಲ್ಲ. ಡಬಡಬ ಬಂತಲ್ಲ!"

ಮೂರರ ಲಾರಿಗೆ ಗೊನೆಗಳು ಎರಡೂ ಮುಕ್ಕಾಲಿಗೇ ಏರಿದವು. ಲಾರಿ ಡ್ರೈವರು ಕೂಡ ಸದ್ದು ಕೇಳಿ ಚಹಾ ಬಿಟ್ಟು ಓಡಿಬಂದಿದ್ದ. ಮುಂದೆ ಡಬ್ಬಿ ಖಾಲಿ ಮಾಡಿ ಸರಿಯಾಗಿ ಕಲಸಿದ ಪೆಟ್ರೋಲು ಹಾಕಿದ್ದೇ ಹೊಗೆಯೂ ಹಿಡಿತಕ್ಕೆ ಬಂತು. ದೋಣಿಯಲ್ಲಿ ಕಡೆಯ ಖೇಪು ಹೆಣ್ಣುಮಕ್ಕಳನ್ನು ಕರೆತರುವಾಗ ಗಾಳೆಪ್ಪನ ಮನಸ್ಸು ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಹಗುರ ಐತಿ, ಸೋವಿ ಐತಿ, ಊರಿಗೆ ಕೇಳತೈತಿ, ದುರಗೇಶ ಬಿಚ್ಚಬಲ್ಲ. ಮೇಲೆ ಬೋರಮಾಳ. ಹೊಗೆ ನುಂಗಿದ್ದ ಶರಣಬಸಪ್ಪನೂ ಮೂರರ ಲಾರಿ ಹೋದ ಮೇಲೆ, "ಹೊಳಿಗೆ ಬಸ್ಸಿನ ಲೆಕ್ಕ ನಡಿಯಂಗಿಲ್ಲ ಬಿಡು, ಟೂ ಸ್ಟ್ರೋಕೇ ಇರ್ಲಿ" ಎಂದಿದ್ದ. ಅವನೂ ದುರಗೇಶನೂ ಒಂದೇ ಮಾತಿಗೆ ಬಂದದ್ದನ್ನು ಆನೆಗೊಂದಿ ಅವತ್ತೇ ಮೊದಲು ನೋಡಿದ್ದು.

ಐದಕ್ಕೆ ದೋಣಿ ದಂಡೆಗೆ ಹತ್ತಿದಾಗ ಪ್ರಭುರಾಜ ಬೇವಿನ ಗಿಡದ ಕೆಳಗೆ ಕೈಕಟ್ಟಿ ನಿಂತಿದ್ದ. ಅವನ ಪಕ್ಕದಲ್ಲಿ ಗೋಣಿಚೀಲದ ಮೇಲೆ ಫೋರ್ ಸ್ಟ್ರೋಕ್ ಮದುಮಗನ ಹಾಗೆ ಕೂತಿತ್ತು. ಟೊಪ್ಪಿಗೆಗೆ ಮೂರು ಪಟ್ಟೆ ವಿಭೂತಿ, ನಡುವೆ ರೂಪಾಯಿಯಗಲ ಕುಂಕುಮ. ಕುತ್ತಿಗೆಗೆ ಚೆಂಡುಹೂವಿನ ಹಾರ. ಪಂಕದ ಮೂರೂ ಎಸಳಿಗೆ ಒಂದೊಂದು ಲಿಂಬೆಹಣ್ಣು. ಒಡೆದ ಕಾಯಿಯ ನೀರು ಹಗ್ಗ ಎಳೆಯುವ ತೂತಿನಿಂದ ಇನ್ನೂ ತೊಟ್ಟಿಕ್ಕುತ್ತಿತ್ತು.

ಗಾಳೆಪ್ಪ ದೋಣಿಯಿಂದ ಹಾರಿ ಇಳಿದ. ಕನಕಮ್ಮ ಹತ್ತಿರ ಬಂದು ಮೆಲ್ಲಗೆ, ಗೆದ್ದವಳ ದನಿಯಲ್ಲಿ ಹೇಳಿದಳು:

"ನೀವು ತುಟ್ಟೀದು ತಗೋತೀನಿ ಅಂದ್ರೆಲ್ಲ, ನನಗ ಎದಿ ಧಸಕ್ ಅಂತು. ಅದಕ್ಕ ಸೋವೀದನ್ನ ಪೂಜಿ ಮಾಡಿ ಗಟ್ಟಿ ಮಾಡಿಬಿಟ್ಟೀನಿ. ಇನ್ನ ಅವ ಇದನ್ನ ವಾಪಸ್ ಒಯ್ಯಂಗಿಲ್ಲ."

"ಇದು ಸೋವೀದು ಅಂತ ನಿನಗ ಯಾರು ಹೇಳಿದ್ರು?"

"ಯಾರು ಹೇಳಬೇಕು? ನನಗ ಕಣ್ಣಿಲ್ಲೇನು? ಅದು ಊರ ತುಂಬ ಒದರತೈತಿ, ಹುಲಿ ಇದ್ದಂಗ. ಇದಕ್ಕ ಬಾಯೇ ಇಲ್ಲಂತ, ಶರಣಬಸಪ್ಪ ಕಾಕಾನ ಹೇಳಿದ. ಮ್ಯಾಲೆ ತುಟ್ಟೀದನ್ನ ಯಾರರ ನಾಯಿ ಅಡ್ಡಾಡೂ ದಂಡಿ ಮ್ಯಾಲೆ ಒಗದು, ಸೋವೀದನ್ನ ಕಟಗೊಂಡು ಹೋಗ್ತಾರೇನು?"

"ಅಕ್ಕಾರು ಭಾರಿ ಮಾಲು ಆರಿಸ್ಯಾರ" ಎಂದು ಪ್ರಭುರಾಜ ಬಿಲ್ಲಿನ ಪುಸ್ತಕ ತೆರೆದ. "ಫೋರ್ ಸ್ಟ್ರೋಕು. ಒಂದು ಲಕ್ಷ ಅರವತ್ನಾಲ್ಕು ಸಾವಿರ."

ಕನಕಮ್ಮ ಮೋಟರನ್ನು ನೋಡಿದಳು, ಗಂಡನನ್ನು ನೋಡಿದಳು. ಆಮೇಲೆ ಕೈ ತಾನಾಗಿ ಕೊರಳಿಗೆ ಹೋಯಿತು.

"ತೊಳದು ಕೊಡ್ತೀನಿ ತಮ್ಮಾ" ಎಂದ ಗಾಳೆಪ್ಪ. "ಸಬಕಾರ ಹಚ್ಚಿ ತೊಳೀತೀನಿ, ಗುರುತು ಸಿಗಂಗಿಲ್ಲ."

ಪ್ರಭುರಾಜ ಹಾರ ಸರಿಸಿ ತೋರಿಸಿದ. ಕಾಯಿ ಒಡೆಯುವುದಕ್ಕೆ ಕನಕಮ್ಮನಿಗೆ ಹತ್ತಿರದಲ್ಲಿ ಕಲ್ಲು ಸಿಕ್ಕಿರಲಿಲ್ಲ. ಹೊಳೆಯ ತುಂಬ ಬಂಡೆಗಳಿರುವ ಊರಿನಲ್ಲಿ ಅವಳು ಕಾಯಿಯನ್ನು ಮೋಟರಿನ ಬಗಲಿಗೇ ಕುಟ್ಟಿದ್ದಳು. ಕರೀ ಟೊಪ್ಪಿಗೆಯಲ್ಲಿ ಗೇಣುದ್ದ ಸೀಳು ಬಿಟ್ಟಿತ್ತು.

ಗಾಳೆಪ್ಪ ಹೆಂಡತಿಯ ಕಡೆ ತಿರುಗಿದ. "ನೀನರ ಹೇಳ ಅವಗ. ಗೊತ್ತಿಲ್ಲದ ಮಾಡೀನಿ ಅನ್ನು, ಕೈ ಮುಗಿ. ಟೊಪ್ಪಿಗಿ ದಂಡ ನಾ ಕೊಡ್ತೀನಿ."

ಕನಕಮ್ಮ ಕಣ್ಣೊರೆಸಿಕೊಂಡಳು. "ಹೆಂಗ ಹೇಳ್ಲಿ? ಹುಲಿಗೆಮ್ಮನ ಹೆಸರು ತಗೊಂಡು, ಇದ ನಮ್ಮದು ತಾಯಿ, ಇದನ್ನ ಮನಿ ಬಿಡಸಬ್ಯಾಡ ಅಂತ ಬೇಡಿಕೊಂಡೀನಿ. ಇನ್ನ ವಾಪಸ್ ಕಳಿಸಿದ್ರ ಆಕಿ ಸುಮ್ಮನಿರತಾಳೇನು?"

"ಇಲ್ಲವಾ, ಕಳಸಬಾರ್ದು" ಎಂದಳು ಜುಬೇದಾಬೀ. ದಂಡೆಯಲ್ಲಿದ್ದ ಹನ್ನೆರಡೂ ಮಂದಿ ತಲೆಯಾಡಿಸಿದರು. ಶರಣಬಸಪ್ಪ ಮುಂದೆ ಬಂದು, "ನಾ ಮುಂಜಾನೇನ ಹೇಳಿದ್ನಿ, ಫೋರ್ ಸ್ಟ್ರೋಕ್ ತಗೋ ಅಂತ" ಎಂದ. ಗಾಳೆಪ್ಪ ಅವನ ಕಡೆ ನೋಡಿದ ನೋಟಕ್ಕೆ ಅವನು ಟವೆಲು ಹೆಗಲಿಗೇರಿಸಿಕೊಂಡು ಮನೆಯ ದಾರಿ ಹಿಡಿದ.

ಮರುದಿನ ಹನ್ನೊಂದಕ್ಕೆ ಸೀಳಿದ ಟೊಪ್ಪಿಗೆಗೆ ಟೇಪು ಸುತ್ತಿದ ಮೋಟರು ಉಸಿರೆತ್ತದೆ ನಡುಗಡ್ಡೆಯ ಕಡೆ ಹೊರಟಿತು. ದೋಣಿಯ ಮೂತಿಯಲ್ಲಿ ಕನಕಮ್ಮ ಕೂತು, ಕೊರಳಿಗೆ ಕರಿದಾರದಲ್ಲಿ ಕಟ್ಟಿಕೊಂಡಿದ್ದ ಪ್ಲಾಸ್ಟಿಕ್ ಸೀಟಿಯನ್ನು ಕೆನ್ನೆ ಉಬ್ಬಿಸಿ ಊದುತ್ತಿದ್ದಳು. ಊದಿ ಸಾಕಾಗಿ ನಿಲ್ಲಿಸಿದಾಗಲೆಲ್ಲ ಗಾಳೆಪ್ಪ ಹಿಂದಿನಿಂದ, "ಊದ, ಊದ, ಲಾರಿ ಹೋಗತೈತಿ" ಎನ್ನುತ್ತಿದ್ದ.

ಉಳಿದಿದ್ದ ಒಂದು ಸಾವಿರದಲ್ಲಿ ಪ್ರಭುರಾಜನ ಆಟೋ ಬಾಡಿಗೆಗೆ ಒಂಬೈನೂರು ಹೋಯಿತು, ಸೀಟಿಗೆ ಅರವತ್ತು. ಕೈಯಲ್ಲಿ ಉಳಿದದ್ದು ನಲವತ್ತು ರೂಪಾಯಿ. ಬೋರಮಾಳ ಹೋಯಿತು. ಕನಕಮ್ಮನ ಕೊರಳಿಗೆ ಸೀಟಿ ಬಂತು.